ರೋಗಕ್ಕೇ ಆಯ್ಕೆ ಬಿಟ್ಟೆ: ತುಡುವೆ ಜೇನಿನಲ್ಲಿ ನನ್ನ ಅನುಭವ

ಕಳೆದ ಸಲ ಥಾಯ್ ಸ್ಯಾಕ್‌ಬ್ರೂಡ್ ಎಂಬ, ಜೇನಿನ ಮರಿಗಳನ್ನು ಕೊಲ್ಲುವ ವೈರಸ್ ರೋಗ ನಮ್ಮ ಶಿರಸಿ ಸೀಮೆಗೆ ಬಂದಾಗ ನನ್ನ 60 ತುಡುವೆ (ಪೊಟರೆಯಲ್ಲಿ ಗೂಡು ಕಟ್ಟುವ ನಮ್ಮ ನಾಡಿನ ಜೇನು) ಪೆಟ್ಟಿಗೆಯಲ್ಲಿ ಹೋದದ್ದು 6. ಹದಿನಾಲ್ಕೋ ಹದಿನೈದೋ ಪೆಟ್ಟಿಗೆಯಲ್ಲಿ ರೋಗ ಕಾಣಿಸಿತು. ಅದರಲ್ಲಿ ಹೆಚ್ಚಿನವು ಚೇತರಿಸಿಕೊಂಡು ಬೇಸಿಗೆಯಲ್ಲಿ ಜೇನುತುಪ್ಪವನ್ನೂ ಕೊಟ್ಟವು. ಅದೇ ತಿಂಗಳು ನಮ್ಮ ಮನೆಯಿಂದ ಮೂರು ಮೈಲಿ ಆಚೆ, ಹೊರಗಿನಿಂದ ಜೇನು ಕುಟುಂಬ ಕೊಂಡು ತಂದು ಸಾಕುತ್ತಿದ್ದ ಹಿರಿಯರೊಬ್ಬರ 25ರಲ್ಲಿ 4 ಉಳಿದವು. ಮರುವಾರ ಅವರೇ ನಮ್ಮ ಅಂಗಳಕ್ಕೆ ಬಂದು "ಎರಡು ರಾಣಿ ಕೊಡು ಮಾರಾಯ" ಎಂದರು. 2014ರಲ್ಲಿ ಇದೇ ಅಂಗಳದಲ್ಲಿ ನಿಂತು "ಮಾಣಿ, ಇದು ಜೇನು ಸಾಕದೋ ಕೊಲ್ಲದೋ" ಎಂದು ಬೈದವರೂ ಅವರೇ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಜೇನು ಸಾಕದವರಿಗೆ ನಾಲ್ಕು ಮಾತು: ಎರಿ ಎಂದರೆ ಹುಳ ಕಟ್ಟುವ ಮೇಣದ ತಟ್ಟೆ, ಕಣ ಎಂದರೆ ಅದರ ಒಂದೊಂದು ಗುಳಿ, ಮರಿ ಎಂದರೆ ಅದರೊಳಗೆ ಬೆಳೆಯುವ ಎಳೆಹುಳ, ಪಾಲು ಎಂದರೆ ಒಂದು ಕುಟುಂಬ ಒಡೆದು ಒಂದು ಭಾಗ ಬೇರೆ ಗೂಡಿಗೆ ಹೊರಡುವುದು. ಅಂಕಿಸಂಖ್ಯೆ ನೆನಪಿನಿಂದ ಹೇಳುತ್ತಿರುವುದು. ಒಂದೆರಡು ಹೆಚ್ಚುಕಮ್ಮಿ ಇದ್ದೀತು.

ಈ ರೋಗ 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಾಗಿ, ಎರಡು ವರ್ಷದಲ್ಲಿ ನಮ್ಮ ಈಶಾನ್ಯ ರಾಜ್ಯಗಳಿಗೆ ಬಂದು, 1991-92ರಲ್ಲಿ ದಕ್ಷಿಣಕ್ಕೆ ಇಳಿಯಿತು. ಜೇನಿಗೇ ಹೆಸರಾಗಿದ್ದ ಕೊಡಗು ಸೇರಿ ಇಡೀ ಮಲೆನಾಡು, ಕರಾವಳಿಯಲ್ಲಿ ಪೆಟ್ಟಿಗೆಗಳು ಬರಿದಾದವು. ಅಪ್ಪಯ್ಯನ ಹತ್ತಿರ ಆಗ 40ರ ಮೇಲೆ ಇದ್ದವು, ಒಂದೇ ಬೇಸಿಗೆಯಲ್ಲಿ 3ಕ್ಕೆ ಬಂತು. ಅಟ್ಟದ ಮೇಲೆ ಖಾಲಿ ಪೆಟ್ಟಿಗೆ ಪೇರಿಸಿಟ್ಟವರು ಮತ್ತೆ ಮುಟ್ಟಲಿಲ್ಲ. ಆಗ ನಾನು ಹೈಸ್ಕೂಲು. ಸಂಜೆ ಹೊತ್ತು ಅವರು ಎರಿ ಎತ್ತಿ ಹಿಡಿದು ಸುಮ್ಮನೆ ನೋಡುತ್ತ ನಿಂತಿರುತ್ತಿದ್ದದ್ದು ನೆನಪಿದೆ.

ನಾನು ಶುರು ಮಾಡಿದ್ದು 2008ರಲ್ಲಿ, ಅದೇ ಅಟ್ಟದ ಪೆಟ್ಟಿಗೆಗಳನ್ನು ಕೆಳಗಿಳಿಸಿ. ಕುಟುಂಬಗಳನ್ನು ಬೇರೆ ಬೇರೆ ಕಡೆಯಿಂದ ಕೊಂಡೆ. 2011ಕ್ಕೆ 34 ಆದವು. ಆ ವರ್ಷ ಚಳಿ ಹಿಡಿಯುವ ಹೊತ್ತಿಗೆ ರೋಗ ಬಂತು. ನೋಡಿದವರಿಗೆ ಗೊತ್ತು: ಮುಚ್ಚಳ ಬೀಳುವ ಹಂತಕ್ಕೆ ಬಂದ ಮರಿ ಕಣದೊಳಗೆ ಉದ್ದಕ್ಕೆ ಚಾಚಿಕೊಂಡು, ತಲೆ ಮೇಲೆತ್ತಿ ಸಣ್ಣ ದೋಣಿಯ ಹಾಗೆ ನಿಂತಿರುತ್ತದೆ. ಬಿಳಿ ಹೋಗಿ ಹಳದಿ, ಆಮೇಲೆ ಕಂದು. ಚಿಮಟಿಗೆಯಲ್ಲಿ ತಲೆ ಹಿಡಿದು ಎಳೆದರೆ ಹರಿಯದೆ ಇಡಿಯಾಗಿ ಬರುತ್ತದೆ, ಬೆಳಕಿಗೆ ಹಿಡಿದರೆ ಬುಡದಲ್ಲಿ ನೀರು ತುಂಬಿದ ಚೀಲ. ವಾಸನೆ ಇಲ್ಲ. ಅಪ್ಪಯ್ಯನಿಗೆ ಒಂದು ತೋರಿಸಿದೆ. "ಅದೇ" ಎಂದರು, ಮತ್ತೇನೂ ಹೇಳಲಿಲ್ಲ.

ಆಗ ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಿದೆ. ಸಕ್ಕರೆ ಪಾಕ ಸುರಿದೆ. ಪಾಕದಲ್ಲಿ ಅರಿಶಿನ ಕದಡಿ ಕೊಟ್ಟೆ. ತರಬೇತಿಯೊಂದರಲ್ಲಿ ಹೇಳಿದರೆಂದು ಬ್ಯಾಕ್ಟೀರಿಯಾಕ್ಕೆ ಕೊಡುವ ಟೆರಾಮೈಸಿನ್ ಬೆರೆಸಿದೆ. ಇದು ವೈರಸ್ಸು, ಆ ಔಷಧಿ ಮುಟ್ಟುವುದೇ ಇಲ್ಲ ಎಂದು ತಿಳಿದದ್ದು ದುಡ್ಡು ಹೋದ ಮೇಲೆ. ಕುಂದಿದ ಎರಡು ಮೂರು ಕುಟುಂಬ ಸೇರಿಸಿ ಒಂದು ಮಾಡಿದೆ, ಸೇರಿಸಿದ್ದೂ ಸತ್ತಿತು. ಮಳೆಗಾಲಕ್ಕೆ 7 ಉಳಿದವು. ಮರುವರ್ಷ ಮತ್ತೆ 20 ಕುಟುಂಬ ಕೊಂಡೆ. ಒಂದಕ್ಕೆ ಎರಡೂವರೆ ಸಾವಿರದಂತೆ 50,000. ಅಡಿಕೆ ದುಡ್ಡಿನಿಂದ ತೆಗೆದದ್ದು. ರೋಗವೂ ಮತ್ತೆ ಬಂತು. 2008ರಿಂದ 2013ರವರೆಗೆ ಕುಟುಂಬ, ಸಕ್ಕರೆ, ಬಾಡಿಗೆ ಜೀಪು ಎಲ್ಲ ಸೇರಿ ಒಂದೂವರೆ ಲಕ್ಷ ಹೋಗಿದೆ. ಬಂದ ತುಪ್ಪದ ಲೆಕ್ಕ ಅದರ ಅರ್ಧವೂ ಆಗಲಿಲ್ಲ.

ದಾರಿ ತೋರಿಸಿದ್ದು ಅಪ್ಪಯ್ಯನ ಒಂದು ಮಾತು. ಸೊಪ್ಪಿನ ಬೆಟ್ಟದಲ್ಲಿ ಹೊನಗಲು ಮರದ ಪೊಟರೆಗೆ ತುಡುವೆ ಹೋಗಿ ಬರುತ್ತಿದ್ದದ್ದನ್ನು ತೋರಿಸಿ, "ತೊಂಬತ್ತೆರಡರಲ್ಲಿ ಇದರಲ್ಲೂ ಹುಳ ಇರ್ಲಿಲ್ಲೆ. ಇದಕ್ಕೆ ಯಾರು ಅರಿಶಿನ ಕೊಟ್ಟಿದ್ದ" ಎಂದು ಕೇಳಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಟ್ಟದಲ್ಲಿ ನೂರಕ್ಕೆ ತೊಂಬತ್ತು ಸತ್ತವು, ಉಳಿದ ಹತ್ತರ ಮಕ್ಕಳು ಮೊಮ್ಮಕ್ಕಳು ಬೆಟ್ಟ ತುಂಬಿದವು. ನಾವು ಪೆಟ್ಟಿಗೆಯವರು ಮಾಡಿದ್ದು ತದ್ವಿರುದ್ಧ. ಸಾಯಬೇಕಾದದ್ದನ್ನು ಪಾಕ ಕೊಟ್ಟು ಉಳಿಸಿ, ಅದರ ಗಂಡು ಹುಳಗಳನ್ನು ಆಕಾಶಕ್ಕೆ ಹಾರಿಸಿ, ಉಳಿಯುವ ಗುಣ ಇದ್ದ ರಾಣಿಗೂ ಅದರ ರಕ್ತವನ್ನೇ ಸೇರಿಸುತ್ತಿದ್ದೆವು. ರೋಗ ಒಂದು ಕಡೆ ಆರಿಸುತ್ತಿತ್ತು, ನಾವು ಇನ್ನೊಂದು ಕಡೆಯಿಂದ ಅದನ್ನು ಅಳಿಸುತ್ತಿದ್ದೆವು.

2013ರ ದೀಪಾವಳಿಯ ಹೊತ್ತಿಗೆ 28 ಪೆಟ್ಟಿಗೆ ಇದ್ದವು. ಹೊರಗಿನಿಂದ ಒಂದೂ ತರುವುದಿಲ್ಲ, ರೋಗ ಬಂದದ್ದಕ್ಕೆ ಏನೂ ಮಾಡುವುದಿಲ್ಲ ಎಂದು ನಿಶ್ಚಯಿಸಿದೆ. ಸತ್ತ ಪೆಟ್ಟಿಗೆಯನ್ನು ಮಾತ್ರ ಅವತ್ತೇ ಮುಚ್ಚಿ ಎರಿ ಸುಟ್ಟೆ, ಬೇರೆ ಹುಳ ಕದಿಯಲು ಬಂದು ರೋಗ ಹೊತ್ತುಕೊಂಡು ಹೋಗಬಾರದಲ್ಲ. ಯುಗಾದಿಗೆ 5 ಉಳಿದವು. ಅಂಗಳದಲ್ಲಿ ಸದ್ದೇ ಇಲ್ಲ. ಆಯಿ ದೇವರಿಗೆ ಹೇಳಿಕೊಂಡಳು. ಆ ಹಿರಿಯರು ಬಂದು ಬೈದದ್ದು ಆ ದಿನಗಳಲ್ಲೇ.

ಐದು ಉಳಿದ ಮಾತ್ರಕ್ಕೆ ಐದರಲ್ಲೂ ಗುಣ ಇದೆ ಎಂದಲ್ಲ. ಅದೃಷ್ಟದಿಂದ ರೋಗ ತಾಗದೆ ಉಳಿದದ್ದೂ ಇರಬಹುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ರೋಗ ಇದ್ದ ಎರಿಯಿಂದ ಬೆಂಕಿಪೊಟ್ಟಣದಷ್ಟು ತುಂಡು ಕೊಯ್ದು ಐದಕ್ಕೂ ನಾನೇ ಕೊಟ್ಟೆ. ಕೈ ನಡುಗಿತ್ತು, ಇದ್ದದ್ದೇ ಐದು. ಮೂರು ಪೆಟ್ಟಿಗೆಯ ಹುಳಗಳು ಮರುದಿನಕ್ಕೇ ಆ ತುಂಡಿನ ಮರಿಗಳನ್ನೆಲ್ಲ ಹೊರಗೆ ಹಾಕಿದ್ದವು. ಬಾಗಿಲ ಹಲಗೆಯ ಮುಂದೆ ನೆಲದ ಮೇಲೆ ಬಿದ್ದಿದ್ದವು, ಇರುವೆ ಸಾಲು ಹತ್ತಿತ್ತು. ಉಳಿದೆರಡಕ್ಕೆ ರೋಗ ಹಿಡಿಯಿತು, ಒಂದು ಸತ್ತಿತು. ಅಂದರೆ ರೋಗದ ಮರಿಯನ್ನು ಗುರುತಿಸಿ ಹೊರಗೆ ಹಾಕುವ ಗುಣ ಇದ್ದದ್ದು ಮೂರಕ್ಕೆ.

ಅಲ್ಲಿಂದ ಸೂಜಿ ಪರೀಕ್ಷೆ ಹಿಡಿದುಕೊಂಡೆ. ಹತ್ತು ಕಣ ಅಗಲ, ಹತ್ತು ಕಣ ಉದ್ದ ಮುಚ್ಚಳ ಬಿದ್ದ ಮರಿ ಆರಿಸಿ, ಸಣ್ಣ ಸೂಜಿಯಿಂದ ಮುಚ್ಚಳದ ಮೇಲಿಂದಲೇ ಚುಚ್ಚಿ, 24 ಗಂಟೆ ಬಿಟ್ಟು ಎಷ್ಟು ಕಣ ಬರಿದಾಗಿದೆ ಎಂದು ಎಣಿಸುವುದು. ನನ್ನ ಒಳ್ಳೆಯ ಪೆಟ್ಟಿಗೆಗಳು 90ಕ್ಕೂ ಮೇಲೆ ಬರಿದು ಮಾಡುತ್ತವೆ. 50ಕ್ಕೆ ನಿಂತವೂ ಇದ್ದವು. ಕೂತು ನೋಡಿದರೆ ಇನ್ನೊಂದು ಕಾಣುತ್ತದೆ. ಒಂದು ಹುಳ ಮುಚ್ಚಳದ ಅಂಚು ಕಚ್ಚಿ ತೂತು ಮಾಡಿ, ಮೀಸೆ ಒಳಗೆ ಹಾಕಿ, ಅಷ್ಟಕ್ಕೇ ಬಿಟ್ಟು ಹೋಗುತ್ತದೆ. ಇನ್ನೊಂದು ಬಂದು ತೂತು ದೊಡ್ಡದು ಮಾಡುತ್ತದೆ. ಮೂರನೆಯದು ಮರಿಯನ್ನು ಎಳೆಯುತ್ತದೆ. ಕೆಲವು ಪೆಟ್ಟಿಗೆಯಲ್ಲಿ ಮುಚ್ಚಳ ತೆಗೆಯುವವು ಇವೆ, ಎಳೆದು ಹಾಕುವವು ಕಡಿಮೆ. ತೆರೆದ ಕಣದಲ್ಲಿ ಸತ್ತ ಮರಿ ಹಾಗೇ ಇರುತ್ತದೆ. ಅಮೆರಿಕದ ರಾಥೆನ್‌ಬುಹ್ಲರ್ ಎಂಬ ವಿಜ್ಞಾನಿ ಯುರೋಪಿಯನ್ ಜೇನಿನಲ್ಲಿ ಬೇರೆ ರೋಗ ಇಟ್ಟುಕೊಂಡು ಇದನ್ನೇ ನೋಡಿ, ತೆರೆಯುವುದು ಒಂದು ವಂಶವಾಹಿಯ ಕೆಲಸ, ತೆಗೆಯುವುದು ಇನ್ನೊಂದರದ್ದು ಎಂದು 1964ರಲ್ಲೇ ಬರೆದಿದ್ದರು. ವಿಷಯ ಅಷ್ಟು ಸರಳವಲ್ಲ, ಹೆಚ್ಚು ವಂಶವಾಹಿಗಳು ಸೇರಿವೆ ಎಂದು ಆಮೇಲಿನವರು ತೋರಿಸಿದ್ದಾರೆ. ನನಗೆ ಬೇಕಾದದ್ದು ಇಷ್ಟೇ: ಇದು ತಾಯಿಯಿಂದ ಮಗಳಿಗೆ ಹೋಗುವ ಗುಣ.

ಇಲ್ಲಿ ನನ್ನ ದೊಡ್ಡ ತಪ್ಪು ಬಂತು. ಮೂರರಲ್ಲಿ ಬಚ್ಚಲ ಹಿಂದಿನ ಪೆಟ್ಟಿಗೆ ಎಲ್ಲಕ್ಕಿಂತ ಚೊಕ್ಕ. ಅದರ ಮರಿಯಿಂದಲೇ ಎಲ್ಲ ರಾಣಿ ಮಾಡಿದೆ. ಎರಡು ವರ್ಷದಲ್ಲಿ 18 ಪೆಟ್ಟಿಗೆ. ನನ್ನಂಥವನಿಲ್ಲ ಅನ್ನಿಸಿತ್ತು. 2016ರ ಚಳಿಗಾಲದಲ್ಲಿ ಎರಿ ಎತ್ತಿದರೆ ಮರಿ ಚದುರಿ ಹೋಗಿದೆ. ಒಂದು ಕಣ ತುಂಬಿದ್ದರೆ ಪಕ್ಕದ್ದು ಖಾಲಿ, ಜರಡಿಯ ಹಾಗೆ. ರೋಗ ಎಂದು ಹೆದರಿದೆ. ಸತ್ತ ಮರಿ ಒಂದೂ ಇಲ್ಲ. ರಾಣಿ ಮುದಿಯಾಗಿರಬೇಕು ಎಂದರೆ ಎಲ್ಲ ಆರು ತಿಂಗಳ ರಾಣಿಗಳು. ಕುಟುಂಬಗಳು ಬೆಳೆಯಲೇ ಇಲ್ಲ. ಒಂದು ಮಳೆಗಾಲದಲ್ಲಿ 18ರಲ್ಲಿ 10 ಹೋದವು. ರೋಗವಿಲ್ಲದೆ, ಹುಳ ಸಾಲದೆ.

ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ನಮ್ಮ ಭಾವನ ಮಗ ಎರಿಯ ಫೋಟೋ ನೋಡಿ, "ಮಾವ, ಇದು ಸಗೋತ್ರ" ಎಂದ. ಬಿಡಿಸಿ ಹೇಳಿದ ಮೇಲೆ ತಿಳಿಯಿತು. ಗಂಡು ಹುಳಕ್ಕೆ ಅಪ್ಪನಿಲ್ಲ. ರಾಣಿಯ ಕೂಡದ, ಅಂದರೆ ಗಂಡಿನ ಬೀಜ ಸೇರದ ಮೊಟ್ಟೆಯಿಂದಲೇ ಅದು ಹುಟ್ಟುತ್ತದೆ. ಕೂಡಿದ ಮೊಟ್ಟೆ ಹೆಣ್ಣಾಗಬೇಕಾದರೆ ಲಿಂಗ ನಿರ್ಧರಿಸುವ ಆ ಒಂದು ವಂಶವಾಹಿಯ ಎರಡು ಬೇರೆ ಬೇರೆ ರೂಪ ತಾಯಿಯಿಂದೊಂದು, ತಂದೆಯಿಂದೊಂದು ಬರಬೇಕು. ಎರಡೂ ಒಂದೇ ಆದರೆ ಅದು ಗಂಡೇ ಆಗುತ್ತದೆ, ಆದರೆ ಕೆಲಸಕ್ಕೆ ಬಾರದ ಗಂಡು. ಕೆಲಸಗಾರ ಹುಳಗಳು ಅದನ್ನು ಎಳೇ ಮರಿಯಾಗಿರುವಾಗಲೇ ತಿಂದುಬಿಡುತ್ತವೆ. ಅಕ್ಕನೂ ತಮ್ಮನೂ ಕೂಡಿದರೆ ಅಂಥ ಜೋಡಿಗಳಲ್ಲಿ ಅರ್ಧದಷ್ಟರಲ್ಲಿ ಕೂಡಿದ ಮೊಟ್ಟೆಯ ಅರ್ಧ ಹೀಗೆ ಹಾಳು. ನನ್ನ ಅಂಗಳದ ರಾಣಿಗಳೆಲ್ಲ ಅಕ್ಕತಂಗಿಯರು, ಗಂಡೆಲ್ಲ ಅವರ ಮಕ್ಕಳು, ತಮ್ಮಂದಿರು. ಒಂದು ಗುಣ ಗಟ್ಟಿ ಮಾಡಲು ಹೋಗಿ ಬೇರೆಲ್ಲ ವೈವಿಧ್ಯವನ್ನು ಕಳೆದಿದ್ದೆ. ತುಡುವೆ ರಾಣಿ ಒಂದೆರಡಲ್ಲ, ಹತ್ತು ಹದಿನೈದಕ್ಕೂ ಹೆಚ್ಚು ಗಂಡುಗಳ ಜೊತೆ ಕೂಡಿ ಬರುವುದು ಯಾಕೆ ಎಂದು ಆಗ ಅರ್ಥವಾಯಿತು. ಇದೇ ಅಪಾಯಕ್ಕೆ ಅದು ತಾನೇ ಕಂಡುಕೊಂಡ ಬಂದೋಬಸ್ತು. ಒಂದೇ ಪೆಟ್ಟಿಗೆಯಲ್ಲಿ ಹತ್ತಾರು ಅಪ್ಪಂದಿರ ಮಕ್ಕಳಿದ್ದರೆ ರೋಗ ಬಂದಾಗ ಯಾವುದೋ ಒಂದು ಪಂಗಡವಾದರೂ ಚುರುಕಾಗಿರುತ್ತದೆ.

ಆಮೇಲೆ ಎರಡು ವರ್ಷ ಬೆಟ್ಟ ಸುತ್ತಿದೆ. ಮರದ ಪೊಟರೆ, ಹುತ್ತ, ಹಳೇ ಕಲ್ಲುಗೋಡೆ, ಎಲ್ಲೆಲ್ಲಿ ತುಡುವೆ ಇದೆಯೋ ಅಲ್ಲಿ ಗುರುತು ಹಾಕಿದೆ. ಎರಡು ರೋಗದ ವರ್ಷ ದಾಟಿಯೂ ಅದೇ ಗೂಡಿನಲ್ಲಿ ಓಡಾಟ ಇದ್ದರೆ ಮಾತ್ರ ಅದು ನನ್ನ ಪಟ್ಟಿಗೆ. ನಡುವೆ ಖಾಲಿಯಾಗಿ ಬೇರೆ ಪಾಲು ಬಂದು ಕೂತಿರಬಹುದು, ಅದಕ್ಕೆ ತಿಂಗಳಿಗೊಮ್ಮೆ ನೋಡಬೇಕು. ಗೂಡು ಕಡಿದು ಹುಳ ತರಲಿಲ್ಲ. ಗೂಡು ಕಡಿದರೆ ಬೇರನ್ನೇ ಕಡಿದಂತೆ. ಹತ್ತಿರದಲ್ಲಿ ಖಾಲಿ ಪೆಟ್ಟಿಗೆ ಕಟ್ಟಿ ಅವು ತಾವೇ ಪಾಲು ಕಳಿಸುವವರೆಗೆ ಕಾದೆ. ಪೆಟ್ಟಿಗೆಯ ಒಳಗೆ ಏನು ಸವರುತ್ತೇನೆ ಎಂದು ಬಹಳ ಜನ ಕೇಳಿದ್ದಾರೆ. ಹಳೇ ಮೇಣ ಎಂದು ಹೇಳುತ್ತೇನೆ, ಅದು ನಿಜ. ಅದರ ಜೊತೆ ಬೆರೆಸುವ ಸೊಪ್ಪಿನ ರಸ ಮಾತ್ರ ನನ್ನಲ್ಲೇ ಇರಲಿ. ಹತ್ತು ಪೆಟ್ಟಿಗೆ ಕಟ್ಟಿದರೆ ಆರೇಳಕ್ಕೆ ಹುಳ ಬರುತ್ತದೆ. ಹೀಗೆ ಒಂಬತ್ತು ಬೇರೆ ಬೇರೆ ಮೂಲದ ತಾಯಂದಿರನ್ನು ಕೂಡಿಸಿಕೊಂಡೆ. ಮುಂದಿನ ಚಳಿಗೆ ಜರಡಿ ಮುಚ್ಚಿ, ಅಂಗೈಯಷ್ಟು ಅಗಲ ಒಂದೇ ಸಮನೆ ಮುಚ್ಚಳ ಬಿದ್ದ ಎರಿ ಕಂಡಿತು. ಅವತ್ತು ಮನೆಯಲ್ಲಿ ಪಾಯಸ ಮಾಡಿಸಿದೆ.

ರಾಣಿ ಮಾಡುವಾಗ ಇನ್ನೊಂದು ಕಡೆ ಎಡವಿದೆ. ಒಂದು ದಿನದ ಮರಿಯನ್ನು ಮೇಣದ ಬಟ್ಟಲಿಗೆ ದಾಟಿಸುವುದು ತುಡುವೆಯಲ್ಲಿ ನನಗೆ ಒಗ್ಗಲಿಲ್ಲ, ನೂರಕ್ಕೆ ಮೂವತ್ತೂ ಹಿಡಿಯಲಿಲ್ಲ. ಹಾಗಾಗಿ ಪಾಲಿನ ಕಾಲದಲ್ಲಿ ತಾವಾಗಿ ಕಟ್ಟಿದ ರಾಣಿ ಕಣಗಳನ್ನೇ ಕೊಯ್ದು ಬಳಸುತ್ತಿದ್ದೆ. ಮೂರು ನಾಲ್ಕು ವರ್ಷದಲ್ಲಿ ನನ್ನ ಪೆಟ್ಟಿಗೆಗಳು ಪಾಲಾಗುವುದು ವಿಪರೀತವಾಯಿತು. ವರ್ಷಕ್ಕೆ ಒಂದು ಪಾಲು ಹೋಗುತ್ತಿದ್ದದ್ದು ಮೂರು ಹೋಗತೊಡಗಿತು, ತುಪ್ಪ ಇಳಿಯಿತು. ಕಾರಣ ನಾನೇ. ಹೆಚ್ಚು ಪಾಲಾಗುವ ಕುಟುಂಬವೇ ಹೆಚ್ಚು ರಾಣಿ ಕಣ ಕಟ್ಟುತ್ತದೆ, ಅವನ್ನೇ ಕೊಯ್ದು ಹಂಚಿದರೆ ಪಾಲಾಗುವ ಗುಣವನ್ನೇ ಬಿತ್ತಿದಂತೆ. ರೋಗ ತಡೆಯುವುದನ್ನು ಆರಿಸುತ್ತಿದ್ದೇನೆ ಎಂದು ನಾನು ತಿಳಿದಿದ್ದೆ, ಕೈ ಇನ್ನೊಂದನ್ನೂ ಆರಿಸುತ್ತಿತ್ತು. ಈಗ ಬೇಕಾದ ಪೆಟ್ಟಿಗೆಯ ರಾಣಿಯನ್ನು ಬೇರೆ ಚಿಕ್ಕ ಪೆಟ್ಟಿಗೆಗೆ ಎತ್ತಿಟ್ಟು, ಎಳೇ ಮರಿ ಇರುವ ಎರಿಯ ಕೆಳಅಂಚನ್ನು ಓರೆಯಾಗಿ ಕೊಯ್ದು ಬಿಡುತ್ತೇನೆ. ರಾಣಿ ಇಲ್ಲದ ಹುಳಗಳು ಆ ಅಂಚಿನಲ್ಲಿ ಕಣ ಇಳಿಸುತ್ತವೆ. ನಾಲ್ಕು ವರ್ಷದಲ್ಲಿ ಪಾಲು ಹತೋಟಿಗೆ ಬಂತು.

ಗಂಡಿನ ಕಡೆ ಯಾರೂ ನೋಡುವುದಿಲ್ಲ. ಗಂಡು ಎರಿ ಕಂಡರೆ ತುಪ್ಪ ತಿನ್ನುವ ದಂಡಪಿಂಡ ಎಂದು ಕೊಯ್ದು ಕೋಳಿಗೆ ಹಾಕುವುದು ನಮ್ಮಲ್ಲಿ ರೂಢಿ. ನಾನು ತಿರುಗಿಸಿದೆ. ಒಳ್ಳೆಯ ಪೆಟ್ಟಿಗೆಯಲ್ಲಿ ಗಂಡು ಎರಿ ಮುಟ್ಟುವುದಿಲ್ಲ, ಹಾಳು ಪೆಟ್ಟಿಗೆಯಲ್ಲಿ ಒಂದನ್ನೂ ಬಿಡುವುದಿಲ್ಲ. ಗಂಡಿಗೆ ಪ್ರತಿ ವಂಶವಾಹಿಯೂ ಒಂದೊಂದೇ, ಜೋಡಿ ಇಲ್ಲ; ಕೆಟ್ಟ ಗುಣ ಇದ್ದರೆ ಮುಚ್ಚಿಕೊಳ್ಳಲು ಇನ್ನೊಂದು ಇಲ್ಲ. ದುರ್ಬಲವಾದದ್ದು ಹಾರುವ ಮೊದಲೇ ಉದುರುತ್ತದೆ. ತುಡುವೆಯ ಗಂಡು ಕಣ ಹತ್ತಿರದಿಂದ ನೋಡಿದ್ದೀರಾ? ಮುಚ್ಚಳ ಟೊಪ್ಪಿಗೆಯ ಹಾಗೆ ಉಬ್ಬಿರುತ್ತದೆ, ಹುಟ್ಟುವ ದಿನ ಹತ್ತಿರವಾದಂತೆ ಮೇಲಿನ ಮೇಣ ತೆಗೆದು, ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ನೂರಾರು ಟೊಪ್ಪಿಗೆ, ನೂರಾರು ತೂತು. ಆ ತೂತು ಕಂಡ ದಿನದಿಂದ ಲೆಕ್ಕ ಹಿಡಿದು ರಾಣಿ ಕಣ ಯಾವತ್ತು ಶುರು ಮಾಡಬೇಕು ಎಂಬುದು ನನ್ನ ಇನ್ನೊಂದು ಗುಟ್ಟು. ದಿನದ ಲೆಕ್ಕ ನೀವೇ ಮಾಡಿಕೊಳ್ಳಬಹುದು, ಕಷ್ಟವಿಲ್ಲ.

ಪೆಟ್ಟಿಗೆ ಸಾಯಲು ಬಿಡುವುದು ಈಗ ನಿಲ್ಲಿಸಿದ್ದೇನೆ. ಮೊದಲು ಮಾಡಿದ್ದು ಮೂಲ ಸಿಗಲೆಂದು. ಮೂಲ ಸಿಕ್ಕ ಮೇಲೆ ಹುಳ ಸಾಯಬೇಕಾಗಿಲ್ಲ, ರೋಗ ತಾಗುವ ರಾಣಿಯ ವಂಶ ಮುಂದುವರಿಯದಿದ್ದರೆ ಸಾಕು. ರೋಗ ಬಂದದ್ದನ್ನು ಎರಡು ಮೈಲಿ ಆಚೆಯ ಬೇರೆ ಬೆಟ್ಟಕ್ಕೆ ಒಯ್ದು, ರಾಣಿ ತೆಗೆದು, ಗಂಡು ಎರಿ ಕೊಯ್ದು, ಮರುದಿನ ಒಳ್ಳೆಯ ವಂಶದ ಬಲಿತ ರಾಣಿ ಕಣ ಕೊಡುತ್ತೇನೆ. ಅದು ಹುಟ್ಟಿ, ಕೂಡಿ, ಮೊಟ್ಟೆ ಇಡುವಷ್ಟರಲ್ಲಿ ಹಳೇ ಮರಿಗಳ ಸುತ್ತು ಹೆಚ್ಚುಕಡಿಮೆ ಮುಗಿದಿರುತ್ತದೆ. ವೈರಸ್ಸಿಗೆ ತಿನ್ನಲು ಎಳೇ ಮರಿ ಇರುವುದಿಲ್ಲ. ತಡವಾದರೆ ಮಾತ್ರ ಕೆಟ್ಟಿತು: ತುಡುವೆಯಲ್ಲಿ ಕೆಲಸಗಾರ ಹುಳಗಳೇ ಬಹಳ ಬೇಗ ಮೊಟ್ಟೆ ಇಡಲು ತೊಡಗುತ್ತವೆ, ಒಂದು ಕಣಕ್ಕೆ ನಾಲ್ಕೈದು. ಅವುಗಳಿಂದ ಹುಟ್ಟುವುದೆಲ್ಲ ಗಂಡು, ಅದೂ ರೋಗದ ವಂಶದ್ದೇ. ಮೋಡದ ದಿನಗಳಲ್ಲಿ ರಾಣಿ ಕೂಡಲು ಹೋಗದೆ ಹೀಗೆ ಮೂರು ಪೆಟ್ಟಿಗೆ ಕಳೆದುಕೊಂಡಿದ್ದೇನೆ.

ಪೆಟ್ಟಿಗೆ ಇಡುವ ಜಾಗವೂ ಆರಿಸುತ್ತದೆ. ಮೊದಲು 30 ಪೆಟ್ಟಿಗೆ ಒಂದೇ ಅಂಗಳದಲ್ಲಿ, ಸಾಲಾಗಿ. ಹುಳ ದಾರಿ ತಪ್ಪಿ ಪಕ್ಕದ ಪೆಟ್ಟಿಗೆಗೆ ಹೋಗುತ್ತದೆ, ಸೋತದ್ದನ್ನು ಗೆದ್ದದ್ದು ಕದಿಯುತ್ತದೆ. ಅಲ್ಲಿ ಒಂದು ಕುಟುಂಬವನ್ನು ಹದಿನೈದು ದಿನದಲ್ಲಿ ಕೊಂದ ವೈರಸ್ಸಿಗೆ ನಷ್ಟವೇ ಇಲ್ಲ, ಮುಂದಿನ ಮನೆ ಎರಡು ಗಜದಲ್ಲಿದೆ. ಬೆಟ್ಟದಲ್ಲಿ ಒಂದು ಪೊಟರೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ. ಅಲ್ಲಿ ಬೇಗ ಕೊಲ್ಲುವ ವೈರಸ್ಸು ತಾನೂ ಆ ಪೊಟರೆಯಲ್ಲೇ ಮುಗಿಯುತ್ತದೆ, ಸೌಮ್ಯವಾದದ್ದು ಪಾಲಿನ ಜೊತೆ ಮುಂದೆ ಹೋಗುತ್ತದೆ. ಅಂದರೆ ಜೇನನ್ನು ಮಾತ್ರವಲ್ಲ, ರೋಗವನ್ನೂ ನಾವು ಸಾಕುತ್ತಿದ್ದೇವೆ, ಎಂಥದ್ದನ್ನು ಎನ್ನುವುದು ಪೆಟ್ಟಿಗೆ ಇಡುವ ಅಂತರದ ಮೇಲಿದೆ. ನೆಂಟರಿಷ್ಟರ ತೋಟಗಳಲ್ಲಿ ಎರಡು ಮೂರರಂತೆ ಹಂಚಿಟ್ಟೆ. ಓಡಾಟಕ್ಕೆ ಪೆಟ್ರೋಲು ತಿಂಗಳಿಗೆ ಸಾವಿರದ ಮೇಲೆ, ಆದರೂ ಲಾಭವೇ. ಅಮೆರಿಕದ ಆರ್ನಾಟ್ ಕಾಡಿನಲ್ಲಿ ಜೇನು ವಿಜ್ಞಾನಿ ಥಾಮಸ್ ಸೀಲಿ 1978ರಲ್ಲಿ ಎಣಿಸಿದಷ್ಟೇ ದಟ್ಟವಾಗಿ 2002ರಲ್ಲೂ ಕಾಡುಗೂಡುಗಳು ಸಿಕ್ಕಿದ್ದವಂತೆ. ನಡುವೆ ಜೇನುಹುಳಕ್ಕೆ ಅಂಟಿ ಬದುಕುವ ವರೋವಾ ನುಸಿ ಬಂದು ಆ ದೇಶದ ಪೆಟ್ಟಿಗೆಗಳನ್ನು ಗುಡಿಸಿತ್ತು. ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದಲ್ಲಿ ಇಂಗೆಮಾರ್ ಫ್ರೀಸ್ ತಂಡದವರು 1999ರಲ್ಲಿ 150 ಕುಟುಂಬಗಳನ್ನು ಔಷಧಿಯಿಲ್ಲದೆ ಅದೇ ನುಸಿಗೆ ಬಿಟ್ಟರು. ಮೊದಲ ಕೆಲವು ಚಳಿಗಾಲದಲ್ಲಿ ಬಹುಪಾಲು ಸತ್ತು, ಆಮೇಲೆ ಉಳಿದವುಗಳಲ್ಲಿ ಸಾವು ಇಳಿಯಿತು. ನಾನು ಇದನ್ನು ಓದಿದ್ದು 2019ರಲ್ಲಿ. ಆರು ವರ್ಷ ಮೊದಲೇ ಓದಿದ್ದರೆ ಆ ಯುಗಾದಿಯಲ್ಲಿ ಅಷ್ಟು ಒಂಟಿ ಅನ್ನಿಸುತ್ತಿರಲಿಲ್ಲ.

ಹಸಿವೆಯ ಪ್ರಯೋಗವೂ ಒಂದು ಮಾಡಿದೆ. ರೋಗಕ್ಕೆ ಬಿಟ್ಟಂತೆ ಮಳೆಗಾಲಕ್ಕೂ ಬಿಡೋಣ ಎಂದು ಒಂದು ವರ್ಷ ಪಾಕವನ್ನೇ ಕೊಡಲಿಲ್ಲ. 30ರಲ್ಲಿ 11 ಹೋದವು, ಅದರಲ್ಲಿ ಸೂಜಿ ಪರೀಕ್ಷೆಯಲ್ಲಿ 95 ಪಡೆದ ಎರಡೂ ಇದ್ದವು. ಒಂದೇ ಸಲ ಎರಡು ಜರಡಿ ಹಿಡಿದರೆ ನಮ್ಮಂಥ ಸಣ್ಣವರ ಹತ್ತಿರ ಏನೂ ಉಳಿಯುವುದಿಲ್ಲ. ಈಗ ಪೆಟ್ಟಿಗೆಗೆ ಒಂದರಿಂದ ಒಂದೂವರೆ ಕೆಜಿ ಸಕ್ಕರೆ ಕೊಡುತ್ತೇನೆ, ಮೊದಲು ನಾಲ್ಕು ಕೆಜಿ ಆಗುತ್ತಿತ್ತು.

ಮಳೆಗಾಲದ ವಿಷಯ ಬಂತು, ಇದನ್ನೂ ಹೇಳುತ್ತೇನೆ. ಬಯಲುಸೀಮೆಯ ತುಡುವೆ ಸ್ವಲ್ಪ ಸಣ್ಣದು, ಹಳದಿ. ನಮ್ಮ ಬೆಟ್ಟದ್ದು ಕಪ್ಪು. ಹಾನಗಲ್ ಕಡೆಯ ನೆಂಟರಿಂದ ನಾಲ್ಕು ಹಳದಿ ರಾಣಿಗಳನ್ನು ತಂದು ನನ್ನ ನಾಲ್ಕು ಪೆಟ್ಟಿಗೆಯ ಕಪ್ಪು ರಾಣಿ ತೆಗೆದು ಕೊಟ್ಟೆ, ಕಪ್ಪು ರಾಣಿಗಳನ್ನು ಅವರ ಪೆಟ್ಟಿಗೆಗೆ ಹಾಕಿಸಿದೆ. ಎರಡು ತಿಂಗಳಲ್ಲಿ ಒಳಗಿನ ಹುಳವೆಲ್ಲ ಹೊಸ ರಾಣಿಯ ಮಕ್ಕಳಾಗುತ್ತವೆ. ಪೆಟ್ಟಿಗೆ ಅದೇ, ಜಾಗ ಅದೇ, ಹೂವು ಅದೇ, ವಂಶ ಮಾತ್ರ ಬೇರೆ. ಜೂನಿನಲ್ಲಿ ಮಳೆ ಹಿಡಿದ ವಾರದಲ್ಲೇ ನನ್ನ ಕಪ್ಪು ರಾಣಿಗಳು ಮೊಟ್ಟೆ ಕಡಿಮೆ ಮಾಡಿ, ಇದ್ದ ತುಪ್ಪ ಎಳೆದು ಬಾಳಿಸುತ್ತವೆ. ಹಳದಿಯವು ಜುಲೈವರೆಗೂ ಮೊಟ್ಟೆ ಇಡುತ್ತಲೇ ಹೋದವು. ಹೊರಗೆ ಮುಟ್ಟಿದರೆ ಮುನಿಯ ಪರಾಗ ಬಿಟ್ಟರೆ ಏನಿಲ್ಲ. ಆಗಸ್ಟಿಗೆ ತುಪ್ಪ ಮುಗಿದು ಎರಡು ಗೂಡು ಬಿಟ್ಟು ಹೋದವು. ಆದರೆ ಗಮನಿಸಬೇಕಾದದ್ದು, ಉಳಿದೆರಡು ಹಳದಿ ರಾಣಿಗಳು ಮರುವರ್ಷ ಸ್ವಲ್ಪ ಬೇಗ ಮೊಟ್ಟೆ ಕಡಿಮೆ ಮಾಡಿದವು, ಹಾನಗಲ್ಲಿನಲ್ಲಿದ್ದ ಅವುಗಳ ಅಕ್ಕತಂಗಿಯರು ಮಾಡಲಿಲ್ಲ. ಅಂದರೆ ವಂಶ ಒಂದು ಗಡಿ ಹಾಕಿಕೊಡುತ್ತದೆ, ಅದರೊಳಗೆ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮಳೆ, ಹೂವು ಹೇಳುತ್ತವೆ. ನಾಲ್ಕು ಪೆಟ್ಟಿಗೆಯ ಮಾತು ಇದು, ದೊಡ್ಡದಾಗಿ ಸಾಧಿಸಲು ಬರುವುದಿಲ್ಲ. ಆದರೆ ನನ್ನ ಕಪ್ಪು ರಾಣಿಗಳೂ ಹಾನಗಲ್ಲಿನಲ್ಲಿ ಗೆಲ್ಲಲಿಲ್ಲ: ಅಲ್ಲಿ ಸೂರ್ಯಕಾಂತಿ ಹೂಬಿಟ್ಟ ಹೊತ್ತಿಗೆ ಅವುಗಳ ಹತ್ತಿರ ಹುಳವೇ ಸಾಲಲಿಲ್ಲ. ಆದ್ದರಿಂದ ದೂರದವರು ಫೋನು ಮಾಡಿ ರಾಣಿ ಕೇಳಿದರೆ ಕೊಡುವುದಿಲ್ಲ, ನಿಮ್ಮ ಊರಿನ ಮರದಲ್ಲಿ ಉಳಿದದ್ದನ್ನು ಹುಡುಕಿ ಎನ್ನುತ್ತೇನೆ. ಸಿಟ್ಟು ಮಾಡಿಕೊಂಡವರೂ ಇದ್ದಾರೆ.

ಲೆಕ್ಕ ಕೇಳುವವರಿಗೆ: ಹೋದ ಬೇಸಿಗೆಯಲ್ಲಿ ಕುಂಟುನೇರಳೆ, ನೇರಳೆ, ಅಂಟುವಾಳ ಎಲ್ಲ ಸೇರಿ 380 ಕೆಜಿ ಹತ್ತಿರ ತುಪ್ಪ ಆಯಿತು, ಪೆಟ್ಟಿಗೆಗೆ ಸರಾಸರಿ ಏಳು ಕೆಜಿ. ಕೆಜಿಗೆ 600ರಂತೆ ಹೋಯಿತು. ಕುಟುಂಬ ಕೊಳ್ಳಲು 2013ರಿಂದ ಒಂದು ರೂಪಾಯಿ ಖರ್ಚಾಗಿಲ್ಲ. ಪೆಟ್ಟಿಗೆಗೆ ಹದಿನೈದು ಕೆಜಿ ತೆಗೆಯುತ್ತೇನೆ ಎನ್ನುವವರ ಮುಂದೆ ನನ್ನ ಏಳು ಸಣ್ಣದು, ಆದರೆ ನನ್ನದು ಪ್ರತಿ ವರ್ಷ ಬರುತ್ತದೆ.

ಆ ಹಿರಿಯರಿಗೆ ಎರಡಲ್ಲ, ನಾಲ್ಕು ರಾಣಿ ಕಣ ಕೊಟ್ಟೆ, ಬೇರೆ ಬೇರೆ ತಾಯಿಯದ್ದು. ದುಡ್ಡು ತೆಗೆದುಕೊಳ್ಳಲಿಲ್ಲ. ಹೊರಗಿನಿಂದ ಇನ್ನು ಕುಟುಂಬ ತರಬಾರದು, ಗಂಡು ಎರಿ ಕೊಯ್ಯಬಾರದು ಎಂದು ಎರಡು ಮಾತು ತೆಗೆದುಕೊಂಡೆ. ಅವರ ತೋಟಕ್ಕೂ ನಮ್ಮದಕ್ಕೂ ನಡುವೆ ಒಂದೇ ಗುಡ್ಡ, ಎರಡೂ ಕಡೆಯ ಗಂಡು ಹುಳ ಆ ಗುಡ್ಡದ ಮೇಲೆಯೇ ಸೇರುತ್ತವೆ ಎಂದು ನನ್ನ ಅಂದಾಜು. ನನ್ನ ರಾಣಿಗಳಿಗೂ ಅವು ಬೇಕು. ಮೊನ್ನೆ ಸಂಜೆ ಫೋನ್ ಮಾಡಿದ್ದರು: ಎರಡು ಪೆಟ್ಟಿಗೆಯಲ್ಲಿ ಗಂಡು ಎರಿ ಉಬ್ಬಿದೆ, ಟೊಪ್ಪಿಗೆಯ ತುದಿಯಲ್ಲಿ ತೂತು ಕಂಡಿದೆ, ಇನ್ನೆಷ್ಟು ದಿನ ಎಂದು ಕೇಳಿದರು.